ಕಾವಲುಗಾರನಿಗೆ ಕಳ್ಳನ ಹೆಸರು

ಮುಂಬೈಯಲ್ಲೋ ಚೆನ್ನೈಯಲ್ಲೋ ಹತ್ತಾರು ವರ್ಷ ಕಳೆದ ಕನ್ನಡದ ಮನೆಗಳಿಗೆ ಈ ಫೋನು ಒಂದಲ್ಲ ಒಂದು ದಿನ ಬಂದೇ ಬಂದಿರುತ್ತದೆ. ಊರಿನಿಂದ ಯಾರೋ ಹೊರಟಿದ್ದಾರೆ. ಪರೇಲ್‌ಗೆ, ಇಲ್ಲವೇ ಅಡ್ಯಾರ್‌ಗೆ. ಕೈಯಲ್ಲಿ ಒಂದು ಫೈಲು, ಸ್ಕ್ಯಾನಿನ ದೊಡ್ಡ ಲಕೋಟೆ, ನಾಲ್ಕು ದಿನಕ್ಕಾಗುವಷ್ಟು ರೊಟ್ಟಿ, ಚಟ್ನಿಪುಡಿ. ಸ್ಟೇಷನ್ನಿಗೆ ಹೋಗಿ ಕರೆತರುವವರು, ಸಾಲಿನಲ್ಲಿ ನಿಂತು ಹೆಸರು ಬರೆಸುವವರು, ಡಾಕ್ಟರ ಎದುರು ಕೂತು ಅವರ ಇಂಗ್ಲಿಷನ್ನೋ ಹಿಂದಿಯನ್ನೋ ಕನ್ನಡಕ್ಕೆ ತಿರುಗಿಸುವವರು ಈ ಮನೆಯವರೇ. ಬ್ಯಾಂಕಿನಲ್ಲಿರುವ ಮಗ, ಕಾಲೇಜಿಗೆ ಹೋಗುವ ಮೊಮ್ಮಗಳು. ಇವರನ್ನು ಅನುವಾದಕರೆಂದು ಯಾರೂ ಕರೆಯುವುದಿಲ್ಲ. ಆದರೆ ಆ ಕಾರಿಡಾರಿನಲ್ಲಿ ಇವರು ಆಡಿದ ಮಾತನ್ನೇ ಕಟ್ಟಿಕೊಂಡು ಒಂದು ಇಡೀ ಕುಟುಂಬ ಊರಿಗೆ ಮರಳುತ್ತದೆ.

ವಿಜಯಪುರದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಬಹುದು. ಸೊಸೆಗೆ ಕಾಯಿಲೆ. ಅತ್ತೆ ಜೊತೆಗೆ ಬಂದಿದ್ದಾಳೆ. ಗಡ್ಡೆಯ ಚೂರನ್ನು ಲ್ಯಾಬಿಗೆ ಕಳಿಸಿ ಮಾಡಿಸಿದ ಜೀನ್ ಪರೀಕ್ಷೆಯ ವರದಿ ಕೈಗೆ ಬಂದಿದೆ. ಹತ್ತು ಹದಿನೈದು ಪುಟ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಟಿಪಿ53, ಅದರ ಮುಂದೆ ಮ್ಯುಟೇಷನ್ ಎಂದಿದೆ. ಮುಂಬೈಯ ಹುಡುಗ ಮೊಬೈಲಿನಲ್ಲಿ ಹುಡುಕುತ್ತಾನೆ. ಕನ್ನಡದಲ್ಲಿ ಹೇಳಬೇಕಲ್ಲ ಎಂದು ಶಾಲೆಯ ಪಾಠದಲ್ಲಿ ಓದಿದ ಪದವನ್ನು ನೆನಪಿಸಿಕೊಳ್ಳುತ್ತಾನೆ. "ದೊಡ್ಡವ್ವ, ವಂಶವಾಹಿ ಒಳಗ ದೋಷ ಐತಂತ. ಕ್ಯಾನ್ಸರ್ ಜೀನ್ ಸಿಕ್ಕೈತಿ ಅಂತ ಬರದಾರ." ದೊಡ್ಡವ್ವ ಒಂದು ಗಳಿಗೆ ಸುಮ್ಮನಿದ್ದು ಹೇಳುತ್ತಾಳೆ: "ಹಂಗಾದ್ರ ಇದು ಆಕಿ ತವರಮನಿ ಕಡಿಂದ ಬಂದದ್ದು ಅಂದಂಗಾತಲ್ಲೋ." ಸೊಸೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದಾಳೆ. ಅವಳಿಗೂ ಕೇಳಿಸುತ್ತದೆ.

ಹುಡುಗ ಸುಳ್ಳು ಹೇಳಲಿಲ್ಲ. ಪಠ್ಯಪುಸ್ತಕದ ಪ್ರಕಾರ ಜೀನ್ ಎಂದರೆ ವಂಶವಾಹಿಯೇ. ಮೊಬೈಲಿನಲ್ಲಿ ಸಿಗುವ ಲೇಖನಗಳಲ್ಲಿ ಕ್ಯಾನ್ಸರ್ ಜೀನ್ ಎಂಬ ಮಾತು ಧಾರಾಳವಾಗಿದೆ. ಹಾಗಿದ್ದೂ ಅವನು ಹೇಳಿದ ಎರಡು ವಾಕ್ಯಗಳಲ್ಲಿ ಎರಡೂ ದಾರಿ ತಪ್ಪಿಸುವಂಥವು. ವಂಶವಾಹಿ ಎಂಬ ಪದ ರೋಗವನ್ನು ಕುಲದ ತಲೆಗೆ ಕಟ್ಟುತ್ತದೆ. ಕ್ಯಾನ್ಸರ್ ಜೀನ್ ಎಂಬ ಪದ ರೋಗವನ್ನು ತಡೆಯಲು ಇರುವುದನ್ನೇ ರೋಗ ತರುವುದೆಂದು ಹೇಳುತ್ತದೆ. ಕ್ಯಾನ್ಸರಿನ ಬಗ್ಗೆ ಕನ್ನಡದಲ್ಲಿ ಬರೆಯುವವರು, ಹೇಳುವವರು ಈ ಎರಡನ್ನೂ ಬಿಡುವುದು ಒಳ್ಳೆಯದು. ಇದು ಶುದ್ಧ ಕನ್ನಡ, ಬೆರಕೆ ಕನ್ನಡದ ಹಳೆಯ ಜಗಳವಲ್ಲ. ಬೆಂಚಿನ ಮೇಲೆ ಕೂತವಳ ಪ್ರಶ್ನೆ.

ವಂಶವಾಹಿ ಪಾರದರ್ಶಕವಾದ ಪದ. ವಂಶವನ್ನು ಹೊತ್ತು ತರುವುದು ವಂಶವಾಹಿ. ಕೇಳಿದ ತಕ್ಷಣ ಅರ್ಥವಾಗುತ್ತದೆ, ತೊಂದರೆ ಇರುವುದೇ ಅಲ್ಲಿ. ಇಂಗ್ಲಿಷಿನ ಜೀನ್ ಪದದ ಬೇರಿನಲ್ಲೂ ಗ್ರೀಕರ ಹುಟ್ಟು, ಕುಲ ಎಂಬ ಅರ್ಥವಿದೆ. 1909ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ ಆ ಪದವನ್ನು ಕಟ್ಟಿದ್ದು ತಲೆಮಾರುಗಳ ನಡುವೆ ಗುಣಗಳು ಸಾಗುವ ಬಗೆಯನ್ನು ಚರ್ಚಿಸುವುದಕ್ಕೇ. ಆದರೆ ಇಂದು ಇಂಗ್ಲಿಷ್ ಮಾತಾಡುವವರ ಕಿವಿಗೆ ಆ ಬೇರು ಕೇಳಿಸುವುದಿಲ್ಲ. ಕನ್ನಡದ ಕಿವಿಗೆ 'ವಂಶ' ಮೊದಲು ಕೇಳಿಸುತ್ತದೆ, ಆಮೇಲೆ ಹೇಳಿದ್ದೇನೂ ಕೇಳಿಸುವುದಿಲ್ಲ.

ನಿಜವಾಗಿ ಜೀನ್ ಅಪ್ಪ ಅಮ್ಮನಿಂದ ಬಂದು ಪೆಟ್ಟಿಗೆಯಲ್ಲಿ ಭದ್ರವಾಗಿರುವ ಆಸ್ತಿಪತ್ರ ಮಾತ್ರ ಅಲ್ಲ. ಪ್ರತಿದಿನ ತೆರೆದು ಓದುವ ಕೆಲಸದ ಪುಸ್ತಕ ಅದು. ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಕೋಶದಲ್ಲೂ ಅದರ ಒಂದು ಪ್ರತಿ ಇದೆ. ಕೋಶ ಒಡೆದು ಎರಡಾಗುವಾಗಲೆಲ್ಲ ಇಡೀ ಪುಸ್ತಕವನ್ನು ಹೊಸದಾಗಿ ನಕಲು ಮಾಡಬೇಕು. ನಕಲಿನಲ್ಲಿ ತಪ್ಪುಗಳಾಗುತ್ತವೆ. ಬಿಸಿಲು, ಹೊಗೆ, ತಂಬಾಕು, ಕೆಲವು ವೈರಸ್ಸುಗಳು ಹಾಳೆಗಳನ್ನು ಕೆಡಿಸುತ್ತವೆ. ಐವತ್ತೈದನೇ ವಯಸ್ಸಿನಲ್ಲಿ ಬಾಯಿಯ ಒಳಪದರದ ಒಂದು ಕೋಶದಲ್ಲಿ ಒಂದು ಹಾಳೆ ಹರಿದರೆ, ಅದು ಆ ಕೋಶದ ಮತ್ತು ಅದರಿಂದ ಹುಟ್ಟುವ ಕೋಶಗಳ ಪಾಡು. ಅಪ್ಪನ ಪುಸ್ತಕ ಸರಿಯಿತ್ತು. ಮಗಳ ಪುಸ್ತಕವೂ ಸರಿಯೇ ಇರುತ್ತದೆ. ಕ್ಯಾನ್ಸರ್ ಜೀನ್‌ಗಳು ಕೆಟ್ಟು ಬರುವ ರೋಗ ಎಂಬುದು ನಿಜ. ಆದರೆ ಹುಟ್ಟಿನಿಂದಲೇ ಬಂದ ಕೆಡುಕಿನಿಂದ ಆಗುವ ಕ್ಯಾನ್ಸರುಗಳು ನೂರರಲ್ಲಿ 5ರಿಂದ 10 ಮಾತ್ರ. ಉಳಿದ ತೊಂಬತ್ತಕ್ಕೂ ವಂಶಕ್ಕೂ ನೇರ ಸಂಬಂಧವಿಲ್ಲ. ವಂಶವಾಹಿಯ ದೋಷ ಎಂದ ಕೂಡಲೇ ಆ ತೊಂಬತ್ತು ಮಂದಿಯೂ ತವರಿನ ಹೆಸರು ಕೆಡಿಸಿದವರಾಗುತ್ತಾರೆ.

ಇನ್ನು ಕ್ಯಾನ್ಸರ್ ಜೀನ್. ಇದರ ತಪ್ಪು ಕನ್ನಡದ್ದಲ್ಲ, ವಿಜ್ಞಾನದ ಹೆಸರಿಡುವ ಪದ್ಧತಿಯದು. ಒಂದು ಜೀನ್ ಕೆಟ್ಟಾಗ ಯಾವ ರೋಗ ಬರುತ್ತದೋ ಆ ರೋಗದ ಹೆಸರನ್ನೇ ಜೀನ್‌ಗೆ ಇಡುವ ರೂಢಿ ಬಂದುಬಿಟ್ಟಿದೆ. ಮಕ್ಕಳ ಕಣ್ಣಿನ ಅಕ್ಷಿಪಟಲದಲ್ಲಿ ಬೆಳೆಯುವ ರೆಟಿನೋಬ್ಲಾಸ್ಟೋಮ ಎಂಬ ಕ್ಯಾನ್ಸರನ್ನು ತಡೆಯುವ ಜೀನ್‌ನ ಹೆಸರು ಆರ್‌ಬಿ1, ಅಂದರೆ ರೆಟಿನೋಬ್ಲಾಸ್ಟೋಮ ಒಂದು. ಸ್ತನದ ಕ್ಯಾನ್ಸರನ್ನು ತಡೆಯುವುದರ ಹೆಸರು ಬಿಆರ್‌ಸಿಎ1, ಬ್ರೆಸ್ಟ್ ಕ್ಯಾನ್ಸರ್ ಒಂದು. ಬೀಗ ಮಾರುವ ಅಂಗಡಿಗೆ 'ಕಳ್ಳತನ' ಎಂದು ಬೋರ್ಡು ಹಾಕಿದ ಹಾಗೆ. "ನನಗೆ ಬಿಆರ್‌ಸಿಎ ಜೀನ್ ಇದೆಯಂತೆ" ಎಂದು ಅಳುವವರಿದ್ದಾರೆ. ಆ ಜೀನ್ ಎಲ್ಲರಿಗೂ ಇದೆ, ಗಂಡಸರಿಗೂ ಇದೆ, ಇರಲೇಬೇಕು. ತೊಂದರೆ ಇರುವುದು ಅದು ಕೆಟ್ಟಾಗ.

ಈ ತಲೆಕೆಳಗು ತಿಳಿವಳಿಕೆಗೆ ವಿಜ್ಞಾನಿಗಳೂ ಬಲಿಯಾದವರೇ. ಪಿ53 ಎಂಬ ಪ್ರೋಟೀನು 1979ರಲ್ಲಿ ಕಣ್ಣಿಗೆ ಬಿತ್ತು. ಟಿಪಿ53 ಎಂಬುದು ಅದನ್ನು ತಯಾರಿಸುವ ಜೀನ್. ಕ್ಯಾನ್ಸರ್ ಕೋಶಗಳಲ್ಲಿ ಅದು ರಾಶಿಯಾಗಿ ಸಿಗುತ್ತಿತ್ತು, ಹಾಗಾಗಿ ಅದೇ ಕ್ಯಾನ್ಸರ್ ತರುವ ಖೂಳ ಎಂದು ಹತ್ತು ವರ್ಷ ಎಲ್ಲರೂ ನಂಬಿದ್ದರು. ಪ್ರಯೋಗಾಲಯಗಳು ಹಂಚಿಕೊಂಡಿದ್ದ ಮಾದರಿಗಳೇ ಕೆಟ್ಟುಹೋದ ಪಿ53ಯವು ಎಂಬುದು ಆಮೇಲೆ ತಿಳಿಯಿತು. 1989ರ ಹೊತ್ತಿಗೆ ಚಿತ್ರ ತಿರುಗಿತು: ಸರಿಯಾದ ಪಿ53 ಕ್ಯಾನ್ಸರನ್ನು ತಡೆಯುತ್ತದೆ, ಕೆಟ್ಟದ್ದು ಮಾತ್ರ ಕೆಲಸಕ್ಕೆ ಬಾರದೆ ರಾಶಿ ಬೀಳುತ್ತದೆ. 1992ರಲ್ಲಿ ಡೇವಿಡ್ ಲೇನ್ ಅದನ್ನು ಇಡೀ ಜೀನ್ ಸಂಪತ್ತಿನ ಕಾವಲುಗಾರ ಎಂದು ಕರೆದರು. ಹತ್ತು ವರ್ಷ ಕಳ್ಳನೆಂದು ಹೊಡೆಸಿಕೊಂಡವನು ಕಾವಲುಗಾರನೆಂದು ಗೊತ್ತಾಯಿತು. ಆನೆಯ ವಿಷಯ ಇನ್ನೂ ಸೊಗಸು. ಅಷ್ಟು ದೊಡ್ಡ ಮೈ, ಅಷ್ಟು ಕೋಶ, ಅಷ್ಟು ದೀರ್ಘ ಆಯುಷ್ಯ. ಆದರೂ ಆನೆಗೆ ಕ್ಯಾನ್ಸರ್ ಅಪರೂಪ. ಮನುಷ್ಯನಲ್ಲಿ ಟಿಪಿ53 ಒಂದೇ ಜೋಡಿ, ಆನೆಯಲ್ಲಿ ಸುಮಾರು ಇಪ್ಪತ್ತು ಜೋಡಿ ಎಂದು 2015ರಲ್ಲಿ ಪ್ರಕಟವಾಯಿತು. ಬಹುಪಾಲು ಮೂಲದ ತುಂಡು ನಕಲುಗಳು, ಆದರೂ ಅವುಗಳ ಪಾತ್ರ ಇದೆ ಎಂದೇ ಆ ಸಂಶೋಧಕರ ವಾದ. ಕ್ಯಾನ್ಸರ್ ಜೀನ್ ಎನ್ನುವವರು ಆನೆಯ ಮುಂದೆ ನಿಂತು ಅದನ್ನು ಹೇಳಬೇಕು.

ಈ ಕಾವಲು ಜೀನ್‌ಗಳ ಬಗ್ಗೆ ಮೊದಲ ಸ್ಪಷ್ಟ ತಿಳಿವಳಿಕೆ ಬಂದದ್ದು ಮಕ್ಕಳ ಕಣ್ಣಿನಿಂದ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಬೆಕ್ಕಿನ ಕಣ್ಣಿನಂತೆ ಹೊಳೆದರೆ ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ರೆಟಿನೋಬ್ಲಾಸ್ಟೋಮದ ಮೊದಲ ಗುರುತು ಬಹಳ ಸಲ ಅದೇ. ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯರು ಇಂಥ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಹೊಸ ಯಂತ್ರವಿಲ್ಲ, ಕೋಶವನ್ನು ಬಗೆದು ನೋಡಿದ್ದಿಲ್ಲ. ಯಾವ ವಯಸ್ಸಿನಲ್ಲಿ ಬಂತು, ಒಂದು ಕಣ್ಣಿಗೋ ಎರಡಕ್ಕೋ, ಎಷ್ಟು ಗಡ್ಡೆ, ಇಷ್ಟೇ. ಎರಡೂ ಕಣ್ಣಿಗೆ ಬಂದವರಿಗೆ ಬಹಳ ಬೇಗ ಬಂದಿತ್ತು, ಒಂದೇ ಕಣ್ಣಿನವರಿಗೆ ತಡವಾಗಿ. 1971ರಲ್ಲಿ ಅವರು ಕೊಟ್ಟ ವಿವರಣೆ ಸೈಕಲ್ಲಿನ ಎರಡು ಬ್ರೇಕಿನಷ್ಟು ಸರಳ. ಪ್ರತಿ ಕೋಶದಲ್ಲೂ ಈ ಜೀನ್‌ನ ಎರಡು ಪ್ರತಿಗಳಿವೆ, ಒಂದು ಅಮ್ಮನದು, ಒಂದು ಅಪ್ಪನದು. ಒಂದು ಬ್ರೇಕು ಹೋದರೂ ಸೈಕಲ್ಲು ನಿಲ್ಲುತ್ತದೆ. ಎರಡೂ ಹೋಗಬೇಕು. ಮಾಮೂಲಿ ಮಗುವಿನಲ್ಲಿ ಎರಡೂ ಪೆಟ್ಟು ಒಂದೇ ಕೋಶಕ್ಕೆ ಬೀಳಬೇಕು, ಅದು ಅಪರೂಪ. ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲೂ ಒಂದು ಬ್ರೇಕು ಇಲ್ಲದ ಮಗುವಿಗೆ ಉಳಿದದ್ದು ಒಂದೇ ಪೆಟ್ಟು, ಕಣ್ಣಿನ ಲಕ್ಷಾಂತರ ಕೋಶಗಳಲ್ಲಿ ಎಲ್ಲಾದರೂ ಬಿದ್ದರೆ ಸಾಕು. ಆ ಜೀನ್ ಕೈಗೆ ಸಿಕ್ಕಿದ್ದು ಹದಿನೈದು ವರ್ಷಗಳ ನಂತರ, 1986ರಲ್ಲಿ. ನಡ್ಸನ್ ಲೆಕ್ಕ ಸರಿಯಿತ್ತು.

ಇಲ್ಲೂ ವಂಶ ಎಂಬ ಮಾತು ಒಂದು ಕಡೆ ಕೈಕೊಡುತ್ತದೆ. ಮೈಯೆಲ್ಲ ಒಂದು ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಲ್ಲೂ ಬಹುಪಾಲು ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ರೋಗದ ಸುಳಿವೂ ಇರುವುದಿಲ್ಲ. ಆ ಕೆಡುಕು ವೀರ್ಯಾಣುವಿನಲ್ಲೋ ಅಂಡಾಣುವಿನಲ್ಲೋ ಹೊಸದಾಗಿ ಆದದ್ದು. ವಂಶದಿಂದ ಬಂದದ್ದಲ್ಲ, ಆ ಮಗುವಿನಿಂದ ಶುರುವಾದದ್ದು.

ಹಾಗಾದರೆ ಈ ಕಾವಲುಗಾರರು ಮಾಡುವುದೇನು? ಆರ್‌ಬಿಯ ಕೆಲಸ ಬಾಗಿಲು ಕಾಯುವುದು. ಕೋಶ ಒಡೆದು ಎರಡಾಗುವ ಮೊದಲು ಒಂದು ಹೊಸ್ತಿಲು ದಾಟಬೇಕು. ದಾಟಲು ಬೇಕಾದ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನನ್ನು ಆರ್‌ಬಿ ರಟ್ಟೆ ಹಿಡಿದು ಕೂರಿಸಿಕೊಂಡಿರುತ್ತದೆ. ಗಾಯ ಮಾಯಬೇಕು, ಚರ್ಮ ಬೆಳೆಯಬೇಕು ಎಂಬ ಸುದ್ದಿ ಹೊರಗಿನಿಂದ ಬಂದಾಗ ಸಿಡಿಕೆ4, ಸಿಡಿಕೆ6 ಎಂಬ ಎರಡು ಕಿಣ್ವಗಳು ಬಂದು ಆರ್‌ಬಿಯ ಹಿಡಿತ ಸಡಿಲಿಸುತ್ತವೆ. ಬಾಗಿಲು ತೆರೆಯುತ್ತದೆ, ಕೋಶ ಒಡೆಯುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ. ಆರ್‌ಬಿ ಇಲ್ಲದ ಕೋಶದಲ್ಲಿ ಬಾಗಿಲೇ ಇಲ್ಲ.

ಪಿ53 ಬಾಗಿಲಲ್ಲಿ ನಿಲ್ಲುವುದಿಲ್ಲ. ಮಾಮೂಲಿ ದಿನಗಳಲ್ಲಿ ಅದು ಇದ್ದೂ ಇಲ್ಲದ ಹಾಗೆ. ತಯಾರಾದಂತೆಲ್ಲ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು ಅದನ್ನು ಕೊಂಡೊಯ್ದು ಕಸಕ್ಕೆ ಹಾಕಿಸುತ್ತಿರುತ್ತದೆ. ಡಿಎನ್‌ಎ ಎಲ್ಲಾದರೂ ತುಂಡಾದ ಸುದ್ದಿ ಬಂದರೆ ಆ ಕಸ ಎತ್ತುವ ಕೆಲಸ ನಿಲ್ಲುತ್ತದೆ, ಪಿ53 ನಿಮಿಷಗಳಲ್ಲಿ ತುಂಬಿಕೊಳ್ಳುತ್ತದೆ. ಮೊದಲು ಅದು ಕೋಶ ಒಡೆಯುವುದನ್ನು ನಿಲ್ಲಿಸುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಷ್ಟು ಹಾಳಾಗಿದ್ದರೆ ಕೋಶವನ್ನು ಸಾವಿನ ದಾರಿಗೆ ಹಚ್ಚುತ್ತದೆ.

ಈ ಸಾವಿನ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಕನ್ನಡದ ವಿಜ್ಞಾನ ಬರಹಗಳಲ್ಲಿ ಇದನ್ನು ಕೋಶದ ಆತ್ಮಹತ್ಯೆ ಎಂದು ಬರೆಯುವುದುಂಟು. ಇಂಗ್ಲಿಷಿನ ಜನಪ್ರಿಯ ಬರಹಗಳಿಂದ ಬಂದ ಮಾತು ಅದು. ಮೂಲ ಪದ ಅಪೊಪ್ಟೋಸಿಸ್. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಈ ಬಗೆಯ ಸಾವನ್ನು ವಿವರಿಸುವ ಪ್ರಬಂಧ ಬರೆಯುವಾಗ ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್ ಅವರನ್ನು ಕೇಳಿ ಈ ಪದ ಪಡೆದರು. ಅದರ ಅರ್ಥ ಮರದಿಂದ ಎಲೆ, ಹೂವಿಂದ ಎಸಳು ಉದುರುವುದು. ಹಣ್ಣೆಲೆ ಎಂಬ ಚೆಂದದ ಪದ ಇಟ್ಟುಕೊಂಡ ಭಾಷೆಗೆ ಆತ್ಮಹತ್ಯೆ ಯಾಕೆ ಬೇಕಾಯಿತು? ಹಣ್ಣೆಲೆ ಉದುರುವುದು ಮರದ ದುರಂತವಲ್ಲ, ಮರ ಬದುಕುವ ಬಗೆ. ಗರ್ಭದಲ್ಲಿ ಮಗುವಿನ ಕೈ ಮೊದಲು ಚಪ್ಪಟೆ ಹಲಗೆಯ ಹಾಗಿರುತ್ತದೆ. ನಡುವಿನ ಕೋಶಗಳು ಉದುರಿಹೋಗಿ ಐದು ಬೆರಳು ಬಿಡಿಯಾಗುತ್ತವೆ. ದೊಡ್ಡವರ ಮೈಯಲ್ಲಿ ದಿನಕ್ಕೆ ಸಾವಿರಾರು ಕೋಟಿ ಕೋಶಗಳು ಸದ್ದಿಲ್ಲದೆ ಹೀಗೆ ಉದುರುತ್ತವೆ. ಕ್ಯಾನ್ಸರ್ ಎಂದರೆ ವಿಪರೀತ ಬೆಳವಣಿಗೆ ಎಂಬುದು ಅರ್ಧ ಮಾತು. ಉದುರಬೇಕಾದ್ದು ಉದುರದೆ ಅಂಟಿಕೊಂಡಿರುವುದು ಉಳಿದರ್ಧ.

ಈ ಉಳಿದರ್ಧ ಗೊತ್ತಿದ್ದರೆ ಮಾತ್ರ ಚಿಕಿತ್ಸೆಯ ತರ್ಕ ತಿಳಿಯುತ್ತದೆ. ಕಿಮೋ ಎಂದರೆ ವಿಷ ಹಾಕಿ ಕೋಶಗಳನ್ನು ಕೊಲ್ಲುವುದು ಎಂದು ಹೆಚ್ಚಿನವರ ತಿಳಿವಳಿಕೆ. ಹಳೆಯ ಕಿಮೋ ಔಷಧಿಗಳಲ್ಲಿ ಹಲವು, ಹಾಗೇ ರೇಡಿಯೇಷನ್, ಮಾಡುವ ಕೆಲಸ ಡಿಎನ್‌ಎಯನ್ನು ಗಾಯಗೊಳಿಸುವುದು. ಆ ಗಾಯವನ್ನು ನೋಡಿ ಕೋಶವನ್ನು ಉದುರಿಸುವ ಕೆಲಸವನ್ನು ಬಹಳ ಸಲ ಪಿ53 ಮಾಡಬೇಕು. ವೃಷಣದ ಕ್ಯಾನ್ಸರ್ ಮೈಯೆಲ್ಲ ಹರಡಿದ ಮೇಲೂ ಸಿಸ್‌ಪ್ಲಾಟಿನ್‌ನಿಂದ ಗುಣವಾಗುವುದುಂಟು. ಅದರಲ್ಲಿ ಪಿ53 ಸಾಮಾನ್ಯವಾಗಿ ಸರಿಯಾಗೇ ಉಳಿದಿರುವುದು ಇದಕ್ಕೆ ಒಂದು ಕಾರಣ. ಕೂದಲು ಉದುರುವುದಕ್ಕೂ ಇದೇ ಕಾವಲುಗಾರ ಕಾರಣ ಎಂಬುದಕ್ಕೆ ಇಲಿಗಳ ಪ್ರಯೋಗದಲ್ಲಿ ಆಧಾರವಿದೆ: ಪಿ53 ಇಲ್ಲದ ಇಲಿಗಳಿಗೆ ಕಿಮೋ ಕೊಟ್ಟರೆ ಕೂದಲು ಉದುರಲಿಲ್ಲ. ತಲೆ ಬೋಳಾಯಿತೆಂದು ಕನ್ನಡಿ ಮುಚ್ಚಿಟ್ಟವರಿಗೆ ಇದು ಸಮಾಧಾನ ಕೊಡುತ್ತದೋ ಇಲ್ಲವೋ.

ಪಿ53 ಇಲ್ಲದ ಕಡೆ ಆ ಔಷಧಿಗಳೇ ಸಪ್ಪೆಯಾಗುತ್ತವೆ. ಸಿಎಲ್‌ಎಲ್ ಎಂಬ ನಿಧಾನದ ರಕ್ತ ಕ್ಯಾನ್ಸರ್ ಇದೆ, ವಯಸ್ಸಾದವರಲ್ಲಿ ಹೆಚ್ಚು. ಅದರ ಕೆಲವರಲ್ಲಿ 17ನೇ ಕ್ರೋಮೋಸೋಮಿನ ಒಂದು ತುಂಡೇ ಹಾರಿಹೋಗಿರುತ್ತದೆ. ಟಿಪಿ53 ಇರುವುದು ಆ ತುಂಡಿನಲ್ಲಿ. ಇಂಥವರಿಗೆ ಹಳೆಯ ಕಿಮೋ ಕೊಟ್ಟರೆ ಗಾಯವಾಗುತ್ತದೆ, ಗಾಯ ನೋಡಿ ತೀರ್ಪು ಕೊಡುವವನು ಇರುವುದಿಲ್ಲ. ಅದಕ್ಕೇ ಈಗ ಚಿಕಿತ್ಸೆ ಶುರು ಮಾಡುವ ಮೊದಲೇ ಈ ಪರೀಕ್ಷೆ ಮಾಡಿಸುತ್ತಾರೆ. ಕಾವಲುಗಾರ ಇಲ್ಲದಿದ್ದರೆ ಅವನನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. 2016ರಲ್ಲಿ ಅಮೆರಿಕದಲ್ಲಿ ಮಂಜೂರಾದ ವೆನೆಟೊಕ್ಲಾಕ್ಸ್ ಅಂಥದ್ದು. ಅದು ಪಿ53ಯ ಅಪ್ಪಣೆಗೆ ಕಾಯದೆ, ಕೋಶ ಉದುರದಂತೆ ತಡೆಹಿಡಿದಿರುವ ಬಿಸಿಎಲ್2 ಎಂಬ ಅಂಟನ್ನೇ ಬಿಡಿಸುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಸ್ತನದ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಪಾಲ್ಬೊಸಿಕ್ಲಿಬ್ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನು ಕಟ್ಟಿಹಾಕುತ್ತದೆ, ಆಗ ಆರ್‌ಬಿ ಬಾಗಿಲು ಹಿಡಿದು ನಿಲ್ಲುತ್ತದೆ. ಆರ್‌ಬಿಯೇ ಇಲ್ಲದ ಗಡ್ಡೆಗೆ ಈ ಗುಳಿಗೆ ಕೊಟ್ಟು ಪ್ರಯೋಜನವಿಲ್ಲ. ಒಂದು ಔಷಧಿಗೆ ಕಾವಲುಗಾರ ಇರಬೇಕು, ಇನ್ನೊಂದು ಅವನಿಲ್ಲದಲ್ಲೂ ನಡೆಯುತ್ತದೆ. ಕ್ಯಾನ್ಸರ್ ಜೀನ್ ಇದೆಯೋ ಇಲ್ಲವೋ ಎಂಬ ಮಾತಿನಲ್ಲಿ ಈ ವ್ಯತ್ಯಾಸವನ್ನು ಹೇಳಲು ಜಾಗವೇ ಇಲ್ಲ. ಡಾಕ್ಟರು ಒಂದೇ ರೋಗದ ಇಬ್ಬರಿಗೆ ಬೇರೆಬೇರೆ ಔಷಧಿ ಬರೆದಾಗ, ಪಕ್ಕದ ಬೆಡ್ಡಿನವರಿಗೆ ಒಳ್ಳೆಯದು, ತಮಗೆ ಅಗ್ಗದ್ದು ಎಂಬ ಅನುಮಾನ ಹುಟ್ಟುವುದು ಹೀಗೆ.

ಕಳೆದುಹೋದ ಕಾವಲುಗಾರನನ್ನು ಮರಳಿ ತರುವುದು ಮಾತ್ರ ಕಷ್ಟ. ಅತಿಯಾಗಿ ಕೆಲಸ ಮಾಡುತ್ತಿರುವ ಪ್ರೋಟೀನಿಗೆ ಔಷಧಿ ಹಾಕಿ ಬಾಯಿ ಮುಚ್ಚಿಸಬಹುದು. ಇಲ್ಲದ್ದಕ್ಕೆ ಏನು ಹಾಕುವುದು? ಸರಿಯಾದ ಟಿಪಿ53ಯನ್ನು ವೈರಸ್ಸಿನೊಳಗೆ ತುಂಬಿ ಗಡ್ಡೆಗೆ ಚುಚ್ಚುವ ಚಿಕಿತ್ಸೆಗೆ ಚೀನಾ 2003ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಲೋಕದ ರೂಢಿಯ ಚಿಕಿತ್ಸೆಯಾಗಲಿಲ್ಲ. ಗಡ್ಡೆಯ ಒಂದೊಂದು ಕೋಶಕ್ಕೂ ಒಂದೊಂದು ಪ್ರತಿ ತಲುಪಿಸುವುದು ಹೇಳಿದಷ್ಟು ಸುಲಭವಲ್ಲ.

ಹಾಗಾಗಿ ಜಾಣತನ ಬೇರೆ ಕಡೆಯಿಂದ ಬಂತು, ಅದೂ ಬಿಆರ್‌ಸಿಎಯ ಇಲ್ಲದಿರುವಿಕೆಯನ್ನೇ ಬಳಸಿಕೊಂಡು. ಬಿಆರ್‌ಸಿಎ ಬಾಗಿಲು ಕಾಯುವವನಲ್ಲ, ರಿಪೇರಿ ಮೇಸ್ತ್ರಿ. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಅಚ್ಚುಕಟ್ಟಾಗಿ ಜೋಡಿಸುವುದು ಅದರ ಕೆಲಸ. ಒಂದೇ ಎಳೆ ತುಂಡಾದಾಗ ಸರಿಮಾಡುವ ಇನ್ನೊಂದು ವ್ಯವಸ್ಥೆ ಇದೆ, ಅದರ ಮುಖ್ಯಸ್ಥ ಪಾರ್ಪ್ ಎಂಬ ಕಿಣ್ವ. ಮಳೆಗಾಲದಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರಿಗೆ ಇದು ತಾನಾಗಿ ಅರ್ಥವಾಗುತ್ತದೆ. ಶಿರಾಡಿ ಕುಸಿದರೆ ಚಾರ್ಮಾಡಿ ಇದೆ. ಎರಡೂ ಮುಚ್ಚಿದರೆ ಲಾರಿಗಳು ಸಕಲೇಶಪುರದಲ್ಲೇ ನಿಲ್ಲಬೇಕು. ಬಿಆರ್‌ಸಿಎಯ ಎರಡೂ ಪ್ರತಿ ಕಳೆದುಕೊಂಡ ಗಡ್ಡೆಯ ಕೋಶ ಒಂದು ಘಾಟಿ ಮುಚ್ಚಿರುವ ಸ್ಥಿತಿಯಲ್ಲಿ ಬದುಕುತ್ತಿರುತ್ತದೆ. ಪಾರ್ಪನ್ನು ಔಷಧಿಯಿಂದ ತಡೆದರೆ ಎರಡನೆಯದೂ ಮುಚ್ಚುತ್ತದೆ, ಕೋಶ ಸಾಯುತ್ತದೆ. ಅದೇ ರೋಗಿಯ ಉಳಿದ ಕೋಶಗಳಲ್ಲಿ ಬಿಆರ್‌ಸಿಎಯ ಒಂದು ಪ್ರತಿ ಚೆನ್ನಾಗಿದೆ, ಅವು ಬಹುಮಟ್ಟಿಗೆ ಬಚಾವ್. ಎರಡು ಬ್ರೇಕಿನ ಲೆಕ್ಕವೇ ಇಲ್ಲಿ ಔಷಧಿಯಾಯಿತು. 2005ರಲ್ಲಿ ಎರಡು ತಂಡಗಳು ಇದನ್ನು ಒಟ್ಟಿಗೆ ತೋರಿಸಿದವು. 2014ರ ಕೊನೆಗೆ ಒಲಪಾರಿಬ್ ಎಂಬ ಗುಳಿಗೆ ಅಂಡಾಶಯದ ಕ್ಯಾನ್ಸರಿಗೆ ಬಳಕೆಗೆ ಬಂತು. ಅದೂ ಎಲ್ಲರಿಗೂ ಶಾಶ್ವತವಲ್ಲ. ಕೆಲವು ಗಡ್ಡೆಗಳು ಇನ್ನೊಂದು ಮ್ಯುಟೇಷನ್‌ನಿಂದ ತಮ್ಮ ಬಿಆರ್‌ಸಿಎಯನ್ನೇ ದುರಸ್ತಿ ಮಾಡಿಕೊಂಡು ಶಿರಾಡಿಯನ್ನು ಮತ್ತೆ ತೆರೆದುಕೊಳ್ಳುತ್ತವೆ.

ಕಾವಲುಗಾರನನ್ನು ಕೆಡಿಸುವವರು ಯಾರು ಎಂಬುದನ್ನು ವಂಶವಾಹಿ ಎಂಬ ಪದ ಸಂಪೂರ್ಣ ಮರೆಸಿಬಿಡುತ್ತದೆ. ಸಿಗರೇಟಿನ ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ರಾಸಾಯನಿಕ ಟಿಪಿ53ಯ ಯಾವ ಅಕ್ಷರಗಳಿಗೆ ಅಂಟಿಕೊಳ್ಳುತ್ತದೋ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದೇ ಅಕ್ಷರಗಳು ಕೆಟ್ಟಿರುತ್ತವೆ ಎಂಬುದು 1996ರಲ್ಲೇ ಗೊತ್ತಾಯಿತು. ಕಳ್ಳ ಬೆರಳಚ್ಚು ಬಿಟ್ಟು ಹೋದ ಹಾಗೆ. ಬಾಯಿಯ ಕ್ಯಾನ್ಸರಿನಲ್ಲಿ ಅತಿ ಹೆಚ್ಚು ಕೆಡುವುದೂ ಟಿಪಿ53ಯೇ. ಮೂವತ್ತು ವರ್ಷ ಗುಟ್ಕಾ ಜಗಿದವನ ವರದಿಯಲ್ಲಿ ಟಿಪಿ53 ಕಂಡಾಗ "ವಂಶವಾಹಿ ದೋಷ" ಎಂದರೆ ಗುಟ್ಕಾ ತಪ್ಪಿಸಿಕೊಂಡು ಅಜ್ಜ ಸಿಕ್ಕಿಬೀಳುತ್ತಾನೆ. ಮಗನೂ ಜೇಬಿನಲ್ಲಿ ಪ್ಯಾಕೆಟ್ಟು ಇಟ್ಟುಕೊಂಡೇ ಆ ಮಾತು ಕೇಳಿಸಿಕೊಳ್ಳುತ್ತಾನೆ. ಹಣೆಬರಹವಾದ ಮೇಲೆ ಬಿಟ್ಟೇನು ಪ್ರಯೋಜನ?

ಗರ್ಭಕಂಠದ ಕ್ಯಾನ್ಸರಿನಲ್ಲಂತೂ ಸಾಮಾನ್ಯವಾಗಿ ಜೀನ್ ಕೆಟ್ಟೇ ಇರುವುದಿಲ್ಲ. ಎಚ್‌ಪಿವಿ ಎಂಬ ವೈರಸ್ಸು ಇ6 ಎಂಬ ತನ್ನ ಪ್ರೋಟೀನಿನಿಂದ ಪಿ53ಯನ್ನು ನಾಶ ಮಾಡಿಸುತ್ತದೆ, ಇ7 ಎಂಬುದರಿಂದ ಆರ್‌ಬಿಯನ್ನು ಹಿಡಿದು ಕೂರಿಸುತ್ತದೆ. ಬಾಗಿಲ ಕಾವಲುಗಾರ, ಒಳಗಿನ ಕಾವಲುಗಾರ ಇಬ್ಬರೂ ಒಂದೇ ಏಟಿಗೆ. ಪುಸ್ತಕ ಸರಿಯಾಗಿದೆ, ಅದರಂತೆ ತಯಾರಾದ ಪ್ರೋಟೀನು ಮಾತ್ರ ಉಳಿಯುತ್ತಿಲ್ಲ. ಈ ವೈರಸ್ಸಿಗೆ ಲಸಿಕೆ ಇದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಹದಿಹರೆಯಕ್ಕೆ ಕಾಲಿಡುವ ಹುಡುಗಿಗೆ ಚುಚ್ಚಿಸಿದರೆ ಅವಳ ಇಬ್ಬರು ಕಾವಲುಗಾರರನ್ನೂ ಉಳಿಸಿದ ಹಾಗೆ. ಇಲ್ಲಿ ವಂಶ ಎಲ್ಲಿ ಬಂತು?

ಹಾಗೆಂದು ವಂಶದ ಮಾತೇ ಬೇಡ ಎನ್ನುವುದು ಇನ್ನೊಂದು ಅಪಾಯ. ಆ ನೂರರಲ್ಲಿ ಐದೋ ಹತ್ತೋ ಕುಟುಂಬಗಳಲ್ಲಿ ಅದನ್ನು ಸ್ಪಷ್ಟವಾಗಿ, ತಡಮಾಡದೆ ಹೇಳಲೇಬೇಕು. ಬಿಆರ್‌ಸಿಎ1 ಒಂದು ಪ್ರತಿ ಕೆಟ್ಟು ಹುಟ್ಟಿದ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನದ ಕ್ಯಾನ್ಸರ್ ಬರುವ ಸಂಭವ ಸುಮಾರು 72 ಶೇಕಡಾ, ಅಂಡಾಶಯದ್ದು 44 ಶೇಕಡಾ ಎಂದು 2017ರ ಒಂದು ದೊಡ್ಡ ಅಧ್ಯಯನ ಹೇಳಿತು. ಅದರಲ್ಲಿದ್ದವರು ಹೆಚ್ಚಾಗಿ ಯುರೋಪು ಮೂಲದ ಕುಟುಂಬದವರು. ರೆಟಿನೋಬ್ಲಾಸ್ಟೋಮ ಹುಟ್ಟಿನಿಂದ ಬಂದ ಮಗುವಿಗೆ ರೇಡಿಯೇಷನ್ ಕೊಟ್ಟರೆ ಮುಂದೆ ಬೇರೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು, ಹಾಗಾಗಿ ಸಾಧ್ಯವಾದಷ್ಟೂ ಅದನ್ನು ತಪ್ಪಿಸುತ್ತಾರೆ. ಟಿಪಿ53 ಕೆಟ್ಟು ಹುಟ್ಟಿದವರಲ್ಲೂ ಹಾಗೇ. ಇಲ್ಲಿ ವಿಷಯ ಮುಚ್ಚಿಟ್ಟರೆ ಪ್ರಾಣಕ್ಕೆ ಬರುತ್ತದೆ. ಹೆಣ್ಣು ನೋಡಲು ಬಂದವರಿಗೆ ಗೊತ್ತಾಗಬಾರದೆಂದು ಅಕ್ಕನ ಕಾಯಿಲೆಯನ್ನು ತಂಗಿಯಿಂದಲೂ ಮುಚ್ಚಿಡುವ ಮನೆಗಳಿವೆ. ತಂಗಿಗೆ ಪರೀಕ್ಷೆ ಮಾಡಿಸಿಕೊಳ್ಳುವ ಅವಕಾಶವೇ ಹೋಗುತ್ತದೆ.

ಇಲ್ಲಿ ದೊಡ್ಡವ್ವನ ಮಾತಿಗೊಂದು ತಿದ್ದುಪಡಿ. ಕೆಟ್ಟ ಪ್ರತಿ ಅಮ್ಮನಿಂದ ಬರುವಷ್ಟೇ ಅಪ್ಪನಿಂದಲೂ ಬರುತ್ತದೆ. ಗಂಡಸಿಗೆ ರೋಗ ಕಾಣಿಸದೆ ಹೋಗಬಹುದು, ಆದರೆ ಅವನ ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ, ಗಂಡಾದರೂ ಹೆಣ್ಣಾದರೂ. ಸೊಸೆಯ ತವರು ಎಂದರೆ ಅವಳ ಅಮ್ಮನ ಕಡೆ ಎಂದೇ ಎಲ್ಲರೂ ಎಣಿಸುವುದು. ಅವಳ ಸೋದರತ್ತೆಯರಿಗೆ ಏನಾಗಿತ್ತು ಎಂದು ಕೇಳುವವರಿಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ಗಂತಿ ನಿಗ್ರಹ ವಂಶವಾಹಿ ಎಂಬ ಬಗೆಯ ಪದಗಳು ಅಚ್ಚಾಗಿವೆ. ನಿಗ್ರಹ ಎಂದರೆ ಇಂದ್ರಿಯ ನಿಗ್ರಹ ನೆನಪಾಗುತ್ತದೆ. ಆಸ್ಪತ್ರೆಯಲ್ಲಿ ಈ ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಏಡಿಗಂತಿ, ಅರ್ಬುದ ನಿಘಂಟಿನಲ್ಲೇ ಉಳಿದು ಕ್ಯಾನ್ಸರ್ ಕನ್ನಡವಾದ ಹಾಗೆ ಜೀನ್ ಕೂಡ ಕನ್ನಡವಾಗಿದೆ, ಆಗಲಿ. ಕಾವಲು ಜೀನ್ ಎಂದರೆ ಸಾಕು, ಅದರ ಕೆಲಸ ಅದರ ಹೆಸರಿನಲ್ಲೇ ಇದೆ. ಕೆಟ್ಟದ್ದು ಗಡ್ಡೆಯಲ್ಲಿ ಮಾತ್ರವಾದರೆ ಗಡ್ಡೆಯ ಕಾವಲು ಜೀನ್ ಕೆಟ್ಟಿದೆ ಎನ್ನಬಹುದು. ಮೈಯೆಲ್ಲ ಇದ್ದರೆ ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿದೆ ಎನ್ನಬಹುದು. ಎರಡಕ್ಕೂ ಬೇರೆಬೇರೆ ವಾಕ್ಯ ಬೇಕು. ಪದ ಬದಲಿಸಿದರೆ ಅತ್ತೆಯ ಮನಸ್ಸು ಬದಲಾಗುತ್ತದೆಯೇ ಎಂದು ಕೇಳುವವರು ಕೇಳಲಿ. ಬದಲಾಗದೆ ಇರಬಹುದು. ಅವಳ ಕೈಗೆ ಅಸ್ತ್ರವನ್ನು ಅನುವಾದಕನೇ ಕೊಡಬೇಕಾಗಿಲ್ಲ.

ಆ ವರದಿಗೆ ಮರಳಿದರೆ, ಮೊದಲ ಪುಟದ ದಪ್ಪಕ್ಷರಕ್ಕಿಂತ ಮೇಲೆ, ರೋಗಿಯ ಹೆಸರು ವಯಸ್ಸಿನ ಹತ್ತಿರ, ಪರೀಕ್ಷೆಗೆ ಕೊಟ್ಟದ್ದು ಏನು ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಬಯಾಪ್ಸಿ ಬ್ಲಾಕ್, ಟ್ಯೂಮರ್ ಟಿಶ್ಯೂ ಎಂದಿದ್ದರೆ ಅದು ಗಡ್ಡೆಯ ಕಥೆ. ಔಷಧಿ ಆರಿಸುವುದಕ್ಕೆ ಮಾಡಿಸಿದ್ದು. ಹುಟ್ಟಿನಿಂದ ಬಂದ ಕೆಡುಕನ್ನು ಹುಡುಕುವ ಪರೀಕ್ಷೆ ಬೇರೆ, ಅದಕ್ಕೆ ರಕ್ತವನ್ನೋ ಎಂಜಲನ್ನೋ ಕೊಡಬೇಕು. ಗಡ್ಡೆಯ ವರದಿ ನೋಡಿ ಅದೂ ಬೇಕೆಂದು ಡಾಕ್ಟರಿಗೆ ಅನ್ನಿಸಿದರೆ ಅವರೇ ಹೇಳುತ್ತಾರೆ, ಹೇಳದಿದ್ದರೆ ಕೇಳಬಹುದು. ದೊಡ್ಡವ್ವ ಕೇಳುವ ಮುಂದಿನ ಪ್ರಶ್ನೆ ಹೇಗೂ ಗೊತ್ತಿರುವುದೇ: "ಮೊಮ್ಮಕ್ಕಳಿಗೆ ಬರ್ತದೇನೋ?" ಅದಕ್ಕೆ ಬಾಯಿ ತೆರೆಯುವ ಮೊದಲು ಹುಡುಗ ಆ ಸಣ್ಣಕ್ಷರದ ಸಾಲನ್ನು ಒಮ್ಮೆ ಓದಬೇಕು. "ಇದು ಗಡ್ಡಿದಷ್ಟ ಪರೀಕ್ಷಾ, ದೊಡ್ಡವ್ವ. ವೈನಿ ತವರಮನಿ ಬಗ್ಗೆ ಇದರಾಗ ಏನೂ ಬರದಿಲ್ಲ."